ಕೂಡ್ಲಿಗಿಯ ಗ್ರೀಕ್ ಪಡೆ

ಮುಂದೆ ನಿಲ್ಲುವವನ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ಹಿಂದೆ ನಿಲ್ಲುವವನ ಬುದ್ಧಿಯನ್ನು ಯಾರೂ ಕೇಳುವುದಿಲ್ಲ. ನನಗೆ ಆ ಬುದ್ಧಿ ಹುಟ್ಟಿನಿಂದಲೇ ಇತ್ತು. ಅದು ಯುದ್ಧವಿದ್ಯೆ ಎಂದು ತಿಳಿದದ್ದು ಮಾತ್ರ ಎಪ್ಪತ್ತರ ದಶಕದಲ್ಲಿ, ಕೂಡ್ಲಿಗಿಯ ಹೈಸ್ಕೂಲೊಂದರಲ್ಲಿ ಗ್ರೀಕರ ಪಾಠ ಮಾಡುವಾಗ.

ಆ ವರ್ಷ ಹೊಸದಾಗಿ ಬಂದ ಹೆಡ್‌ಮಾಸ್ತರರು ಭಾನುವಾರವೂ ಕ್ಲಾಸು ಎಂದು ನೋಟೀಸು ಹಚ್ಚಿದರು. ಅದೇ ಭಾನುವಾರ ಹರಪನಹಳ್ಳಿಯಲ್ಲಿ ನನ್ನ ಹೆಂಡತಿಯ ತಂಗಿಯ ನಿಶ್ಚಿತಾರ್ಥ. "ನೀವು ಬರದಿದ್ರ ನಾನೊಬ್ಬಾಕೀನ ಹೋಗ್ತೀನಿ. ಆಮ್ಯಾಲ ನನ್ನ ಕರಕೊಂಡು ಹೋಗಾಕ ಬಂದಾಗ, ಯಾಕ ಬರಲಿಲ್ಲ ಅಂತ ನಮ್ಮಪ್ಪಗ ನೀವ ಹೇಳ್ರಿ" ಎಂದಳು ಹೆಂಡತಿ. ಮಾವನವರ ಮೀಸೆ ಕಣ್ಣ ಮುಂದೆ ಬಂದು ಊಟ ಸೇರಲಿಲ್ಲ.

ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಸಿಟ್ಟೇ. ಆದರೆ ಬಾಯಿ ಬಿಟ್ಟವರೆಲ್ಲ ಪಕ್ಕದವರಿಗೆ, "ನೀವು ಮಾತಾಡ್ರಿ, ನಾವು ಅದೀವಲ್ಲ" ಎನ್ನುವವರೇ. ಗ್ರೀಕ್ ಸಿಪಾಯಿಯ ಎಡಗೈ ಗುರಾಣಿ ಅರ್ಧ ತನಗೆ, ಅರ್ಧ ಎಡಗಡೆಯವನಿಗೆ. ಹೀಗಾಗಿ ಪ್ರತಿಯೊಬ್ಬನೂ ಬಲಗಡೆಯವನ ಗುರಾಣಿಯ ಮರೆಗೆ ಸರಿಯುತ್ತ, ಇಡೀ ಪಡೆಯೇ ಬಲಕ್ಕೆ ವಾಲುತ್ತಿತ್ತಂತೆ. ನಮ್ಮವರಿಗೆ ಗುರಾಣಿಯೊಂದಿರಲಿಲ್ಲ, ಅಷ್ಟೇ.

ಕೊನೆಗೆ, ಎಲ್ಲರೂ ಒಟ್ಟಿಗೆ ಹೋಗಿ ಭಾನುವಾರದ ಕ್ಲಾಸು ಬೇಡವೆಂದು ಹೆಡ್‌ಮಾಸ್ತರರಿಗೆ ಹೇಳುವುದೆಂದಾಗಿ, ನಾನೇ ಸೇನಾಪತಿಯಾದೆ. ಗ್ರೀಕರಲ್ಲಿ ಒಬ್ಬರ ಹಿಂದೊಬ್ಬರು ನಿಂತ ಸಾಲಿಗೆ ಲೋಖೋಸ್ ಎಂದು ಹೆಸರು. ಈಗಿನ ಗ್ರೀಸಿನವರೂ ತಮ್ಮ ಸೈನ್ಯದ ಕಂಪನಿ ಎಂಬ ತುಕಡಿಗೆ ಅದೇ ಹೆಸರು ಇಟ್ಟುಕೊಂಡಿದ್ದಾರೆ. ಸಾಲಿನ ಮುಂದೊಬ್ಬ ಗಟ್ಟಿಗ, ಕಡೆಗೊಬ್ಬ ಗಟ್ಟಿಗ, ನಡುವೆ ಓಡಿಹೋಗುವಂಥವರು. ಕಡೆಯವನ ಕೆಲಸ ಯಾರೂ ಓಡದಂತೆ ನೋಡಿಕೊಳ್ಳುವುದು. ಅತಿ ಜವಾಬ್ದಾರಿಯ ಈ ಜಾಗವನ್ನು ನಾನು ವಹಿಸಿಕೊಂಡೆ. ಮುಂದಿನ ಜಾಗಕ್ಕೆ ಕನ್ನಡ ಪಂಡಿತ ಕೊಟ್ರಪ್ಪನವರು. ನಮ್ಮ ಕಡೆ ಯಾರನ್ನಾದರೂ ಬಲಿ ಕೊಡಬೇಕಾದರೆ ಮರ್ಯಾದೆ ಕೊಟ್ಟರೆ ಸಾಕು. "ಹಿರಿಯರು ನೀವು, ಮುಂದ ನಡೀರಿ" ಎಂದೆ. ಪಾಪ, ಅವರು ಶಲ್ಯ ಸರಿಮಾಡಿಕೊಂಡು ನಡೆದರು.

ಪಡೆ ಹೆಡ್‌ಮಾಸ್ತರರ ಬಾಗಿಲು ಮುಟ್ಟಿತು. ಕೊಟ್ರಪ್ಪನವರು ಕೆಮ್ಮಿದರು. ಒಳಗೆ ಖಾಲಿ ಕುರ್ಚಿ!

"ಏನ್ರಿ ಮಾಸ್ತರ, ಏನು ಇಷ್ಟು ಮಂದಿ?" ಎಂದು ಬೆನ್ನ ಹಿಂದೆ ದನಿ ಕೇಳಿತು. ಚಹಾ ಕುಡಿದು ಬಂದ ಹೆಡ್‌ಮಾಸ್ತರರು ನನ್ನ ಹೆಗಲ ಮೇಲೆ ಕೈಯಿಟ್ಟಿದ್ದರು. ಹಿಂದಿನಿಂದ ದಾಳಿಯಾದರೆ ಕಡೆಯವನೇ ಮೊದಲಿಗನಾಗುತ್ತಾನೆ ಎಂಬುದನ್ನು ನಾನು ಮಕ್ಕಳಿಗೆ ಹೇಳಿಕೊಟ್ಟಿದ್ದೆ, ನನಗೇ ಹೊಳೆದಿರಲಿಲ್ಲ. ನನ್ನ ಪಡೆ ಮಾತ್ರ ಶಿಸ್ತಾಗಿ ಖಾಲಿ ಕುರ್ಚಿಯನ್ನೇ ನೋಡುತ್ತ ನಿಂತಿತ್ತು.

"ಏನಿಲ್ಲ ಸಾರ್, ಭಾನುವಾರ ಎಷ್ಟು ಹೊತ್ತಿಗೆ ಬರಬೇಕು ಅಂತ ಕೇಳಾಕ ಬಂದಿದ್ವಿ" ಎಂದೆ.

ಹೆಂಡತಿ ಹೇಳಿದಂತೆಯೇ ಒಬ್ಬಳೇ ಹೋದಳು. ಸೋಮವಾರ ಸಂಜೆ ಅವಳನ್ನು ಕರೆತರಲು ಹೋಗಿ, ಹರಪನಹಳ್ಳಿಯಲ್ಲಿ ಮಾವನವರ ಬಾಗಿಲು ತಟ್ಟಿ, ಅಭ್ಯಾಸಬಲದಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಂತೆ. ಮುಂದೆ ನಿಲ್ಲಲು ಕೊಟ್ರಪ್ಪನವರು ಇರಲಿಲ್ಲ.