ಉಗಿಯುವ ಉದ್ಯೋಗ

ನನ್ನ ಕೆಲಸ ಎಂಥದ್ದೆಂದರೆ, ಯಾರಾದರೂ ನಗದೆ, ಯಾರಾದರೂ ಮುಖ ಸಿಂಡರಿಸದೆ ಒಂದು ವಾರ ಕಳೆದರೆ ನನಗೇ ಹುಷಾರಿಲ್ಲವೇನೋ ಅನ್ನಿಸುತ್ತದೆ. ವೈನ್ ರುಚಿ ನೋಡಿ ಅಭಿಪ್ರಾಯ ಹೇಳುವುದು ನನ್ನ ಹೊಟ್ಟೆಪಾಡು. ಒಂದು ಗುಟುಕು ಬಾಯಿಗೆ ಹಾಕಿಕೊಳ್ಳಬೇಕು, ನಾಲಗೆ ಮೇಲೆ ಆಡಿಸಬೇಕು, ಆಮೇಲೆ ಉಗಿದುಬಿಡಬೇಕು. ನುಂಗುವಂತಿಲ್ಲ. ನುಂಗುತ್ತಾ ಹೋದರೆ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ವೈನೂ ಅಮೃತ, ಎಲ್ಲ ಗಂಡಸರೂ ಸಜ್ಜನರು ಅನ್ನಿಸತೊಡಗುತ್ತದೆ.

ಫ್ರಾನ್ಸಿನಲ್ಲಿ ಉಗಿದಿದ್ದೇನೆ, ಇಟಲಿಯಲ್ಲಿ ಉಗಿದಿದ್ದೇನೆ, ಜಾರ್ಜಿಯಾದ ಒಬ್ಬ ಪಾದ್ರಿಯ ನೆಲಮಾಳಿಗೆಯಲ್ಲಿ ಅವನ ಆಶೀರ್ವಾದ ಪಡೆದೇ ಉಗಿದಿದ್ದೇನೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಕನ್ನಡದಲ್ಲಿ ಮಾತ್ರ ಇದು ಕಷ್ಟದ ಕಸುಬು. ನಮ್ಮಲ್ಲಿ ಉಗಿಯುವುದೆಂದರೆ ಬಾಯಲ್ಲಿದ್ದದ್ದನ್ನು ಹೊರಗೆ ಹಾಕುವುದೂ ಹೌದು, ಎದುರಿದ್ದವರಿಗೆ ಮಂಗಳಾರತಿ ಎತ್ತುವುದೂ ಹೌದು. "ಮಗಳು ಏನು ಕೆಲಸದಲ್ಲಿದ್ದಾಳೆ?" ಅಂತ ಕೇಳಿದವರಿಗೆ ನಮ್ಮಮ್ಮ ಸಾಯುವ ತನಕ "ಫಾರಿನ್ನು, ಹೋಟೆಲ್ ಲೈನು" ಅಂತಲೇ ಹೇಳಿ ಮಾತು ತಿರುಗಿಸುತ್ತಿದ್ದಳು.

ಈಚೆಗೆ ಬೆಂಗಳೂರಿನ ಒಂದು ದೊಡ್ಡ ಹೋಟೆಲಿನವರಿಗೆ ಇದ್ದಕ್ಕಿದ್ದಂತೆ ಸ್ಥಳೀಯ ಪ್ರೇಮ ಉಕ್ಕಿತು. ಸುತ್ತಮುತ್ತ ಸ್ವಂತ ದ್ರಾಕ್ಷಿಯಲ್ಲಿ ನೊರೆ ವೈನ್ ಮಾಡುವ ಸಣ್ಣ ಬೆಳೆಗಾರರನ್ನು ಹುಡುಕಿ ಕರೆತನ್ನಿ, ನಮ್ಮ ತೀರ್ಪುಗಾರರು ಒಂದನ್ನು ಆರಿಸುತ್ತಾರೆ, ಅದು ನಮ್ಮಲ್ಲಿ ವರ್ಷವಿಡೀ ನಡೆಯುತ್ತದೆ ಎಂದರು. ನೊರೆ ವೈನ್ ಅಂದರೆ ಮುಚ್ಚಳ ತೆಗೆದೊಡನೆ ಸೋಡಾದಂತೆ ಬುಸ್ಸೆಂದು ಗುಳ್ಳೆ ಏಳುತ್ತದಲ್ಲ, ಕಾರ್ ರೇಸ್ ಗೆದ್ದವರು ಕುಡಿಯದೆ ಒಬ್ಬರ ಮೇಲೊಬ್ಬರು ಚೆಲ್ಲುತ್ತಾರಲ್ಲ, ಅದು. ಹುಡುಕುತ್ತಾ ಹೊರಟವಳಿಗೆ ದೊಡ್ಡಬಳ್ಳಾಪುರದ ಆಚೆ ಒಂದು ಸಂಸಾರ ಸಿಕ್ಕಿತು.

೧. ಅಜ್ಜಿಯ ಪೀಕದಾನಿ

ಗಂಡ ಮೊದಲು ಪವರ್‌ಲೂಮಿನಲ್ಲಿ ಸೀರೆ ನೇಯುತ್ತಿದ್ದವರು. ಮಗ್ಗ ಮಾರಿದ ಮೇಲೆ ಖಾಲಿ ಷೆಡ್ಡಿನಲ್ಲಿ ವೈನ್ ಶುರುವಾಗಿತ್ತು. ಆದರೆ ತೋಟಕ್ಕೂ ಷೆಡ್ಡಿಗೂ ಯಜಮಾನಿ ಹೆಂಡತಿಯೇ. ಲೈಸೆನ್ಸಿಗೆ ಆಫೀಸು ಅಲೆದು ಚಪ್ಪಲಿ ಸವೆಸಿದವಳೂ ಅವಳೇ. ನಡುಮನೆಯಲ್ಲಿ ಕೂರಿಸಿ ಗ್ಲಾಸಿಗೆ ಬಗ್ಗಿಸಿ ಕೊಟ್ಟಳು.

"ಉಗಿಯೋಕೆ ಏನಾದ್ರೂ ಕೊಡ್ತೀರಾ?" ಅಂದೆ.

"ಉಗಿಯೋಕಾ? ಇನ್ನೂ ಕುಡ್ದೇ ಇಲ್ವಲ್ಲ ಮೇಡಂ!"

ವಿವರಿಸಿದೆ. ಅನುಮಾನದಿಂದಲೇ ಒಳಗೆ ಹೋಗಿ ಒಂದು ಹಿತ್ತಾಳೆ ಪೀಕದಾನಿ ತಂದಿಟ್ಟಳು. ಅದು ಮೂಲೆಯಲ್ಲಿ ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ದ ಅವಳ ಅತ್ತೆಯದು. ನಾನು ಉಗಿದದ್ದೇ ತಡ, ಅಜ್ಜಿ ಎದ್ದು ಕೂತಳು.

"ಏನಮ್ಮಾ ಇದು! ನಾನೂ ಉಗೀತೀನಿ, ಇಲ್ಲ ಅನ್ನಲ್ಲ. ಆದ್ರೆ ರಸ ನುಂಗಿ ಸಿಪ್ಪೆ ಉಗೀತೀನಿ. ನೀನು ರಸಾನೇ ಉಗೀತೀಯಲ್ಲ, ನಿಂಗೇನು ಬಂದಿರೋದು?"

"ನನ್ನ ಕೆಲಸಾನೇ ಅದು ಅಜ್ಜಿ."

"ಗಂಡ ಏನ್ ಮಾಡ್ತಾನೆ?"

"ಗಂಡನ್ನ ಬಿಟ್ಟು ಬಾಳ ವರ್ಷ ಆಯ್ತು."

ಅಜ್ಜಿ ನನ್ನನ್ನೂ ಪೀಕದಾನಿಯನ್ನೂ ನೋಡಿದಳು. "ಅವನನ್ನೂ ಹಿಂಗೇ ರುಚಿ ನೋಡಿ ಉಗಿದ್ಬಿಟ್ಯಾ?"

"ಇಲ್ಲ ಅಜ್ಜಿ, ಅವನನ್ನ ನುಂಗಿದ್ದೆ. ಅಲ್ಲೇ ಎಡವಟ್ಟಾಗಿದ್ದು."

೨. ನೆಂದ ಕಲ್ಲು

ವೈನ್ ಚೆನ್ನಾಗಿತ್ತು. ನನಗೇ ನಂಬಿಕೆ ಬರದಷ್ಟು ಚೆನ್ನಾಗಿತ್ತು. ಚೆನ್ನಾಗಿದ್ದರೆ ಚೆನ್ನಾಗಿದೆ ಅಂದು ಸುಮ್ಮನಾಗುವ ಜಾತಿಯಲ್ಲ ನಮ್ಮದು. "ಹಸಿರು ಸೇಬು, ಕಾಯಿಸಿದ ಬ್ರೆಡ್ಡು, ಕೊನೆಗೆ ಮಳೆಯಲ್ಲಿ ನೆಂದ ಕಲ್ಲು" ಅಂದೆ.

ಯಜಮಾನಿಯ ಮುಖ ಇಳಿಯಿತು. "ಸೇಬು ಹಾಕಿಲ್ಲ ಮೇಡಂ. ಮನೆ ದೇವ್ರಾಣೆ, ಬರೀ ದ್ರಾಕ್ಷಿ."

"ಹಾಕಿದ್ದೀರಿ ಅಂತಲ್ಲ, ಹಾಗೆ ಅನ್ಸುತ್ತೆ."

ಗಂಡ ಗಂಭೀರವಾಗಿ ಕೇಳಿದರು, "ನೆಂದ ಕಲ್ಲು ಯಾವೂರಲ್ಲಿ ನೆಕ್ಕಿದ್ದು ಮೇಡಂ?"

ಮಾತು ತಪ್ಪಿಸಲು "ಒಳ್ಳೇ ಡ್ರೈ ಇದೆ" ಅಂದೆ. ಅವರು ಗ್ಲಾಸೊಳಗೆ ಬೆರಳದ್ದಿ ಪರೀಕ್ಷಿಸಿ, "ಒದ್ದೆಯಾಗೇ ಇದೆಯಲ್ಲ" ಅಂದರು. ಸಿಹಿ ಇಲ್ಲದ್ದನ್ನು ಡ್ರೈ ಅನ್ನುತ್ತಾರೆ ಎಂದು ಹೇಳಿದ್ದಕ್ಕೆ, "ಹಂಗಾದ್ರೆ ನಮ್ಮ ತಮ್ಮನೂ ಡ್ರೈ" ಅಂದರು.

ಇರಲಿ, ಒಂದು ಎಚ್ಚರಿಕೆಯ ಮಾತು ಹೇಳಲೇಬೇಕಿತ್ತು. ಅವರದ್ದು ಬೆಂಗಳೂರು ಬ್ಲೂ, ಅಂದರೆ ತಳ್ಳುಗಾಡಿಯಲ್ಲಿ ಸಿಗುವ ನಮ್ಮ ಕಪ್ಪುನೀಲಿ ಬೀಜದ ದ್ರಾಕ್ಷಿ. ವೈನ್ ಪಂಡಿತರಿಗೆ ಆ ಹೆಸರು ಕೇಳಿದರೇ ಮೂಗು ಮೇಲೇರುತ್ತದೆ. "ಈ ಜಾತಿ ದ್ರಾಕ್ಷಿಗೆ ನರಿ ವಾಸನೆ ಅಂತಾರೆ ಅವರು" ಅಂದೆ.

ಯಜಮಾನಿ "ಕತೇಲಿ ನರಿಗೆ ದ್ರಾಕ್ಷಿ ಸಿಗಲಿಲ್ಲ, ಹುಳಿ ಅಂತು. ಇವರಿಗೆ ದ್ರಾಕ್ಷಿ ಸಿಕ್ಕಿದೆ, ನರಿ ಅಂತಾರೆ. ನರಿನೇ ವಾಸಿ ಬಿಡಿ" ಅಂದಳು.

೩. ಸೋಲಿನ ಪಟಾಕಿ

ಆ ಡ್ರೈ ತಮ್ಮನ ವಿಷಯ ಹೇಳಲೇಬೇಕು, ಯಾಕೆಂದರೆ ತೋಟದಲ್ಲಿ ಅರ್ಧ ಪಾಲು ಅವನದು.

ನೊರೆ ವೈನನ್ನು ಬಾಟಲಿಗೆ ತುಂಬಿ ಮುಚ್ಚಿದ ಮೇಲೂ ಅದು ಒಳಗೊಳಗೇ ಹುದುಗುತ್ತಾ ಗ್ಯಾಸ್ ಕಟ್ಟುತ್ತದೆ. ಅದಕ್ಕೇ ದಪ್ಪ ಗಾಜಿನ ಬಾಟಲಿ ಬೇಕು. ಇವರು ಮೊದಲ ಸಲ ತೆಳ್ಳನೆಯ ಬಿಯರ್ ಬಾಟಲಿಗೆ ತುಂಬಿಟ್ಟಿದ್ದರಂತೆ. ಆ ಸಮಯಕ್ಕೆ ತಮ್ಮ ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಂತಿದ್ದ. ಎಣಿಕೆ ಮುಗಿದು, ಸೋತು, ಹಿಂಬಾಲಕರ ಜೊತೆ ಮುಖ ಜೋತುಹಾಕಿಕೊಂಡು ಬಂದು ಜಗಲಿಯಲ್ಲಿ ಕೂತ. ಕೂತು ನೀರು ಕೇಳುವಷ್ಟರಲ್ಲಿ ಷೆಡ್ಡಿನಿಂದ ಢಮ್ ಅಂತು. ಅದರ ಹಿಂದೆಯೇ ಢಮಾರ್! ಒಂದು ಬಾಟಲಿ ಸಿಡಿದರೆ ಪಕ್ಕದ್ದೂ ಸಿಡಿಯುತ್ತದೆ. ಸರಪಟಾಕಿಯ ಹಾಗೆ ಶುರುವಾಯಿತು.

ತಮ್ಮ ಎದ್ದು ನಿಂತ. "ನಾನು ಸೋತಿದ್ದು ಅಷ್ಟು ಖುಷಿನಾ ಅತ್ತಿಗೆ?"

"ಅಯ್ಯೋ, ಪಟಾಕಿ ಅಲ್ಲ ಕಣಪ್ಪಾ, ವೈನು!"

"ಓಹೋ. ಪಾರ್ಟಿನೂ ಮಡಗಿದ್ದೀರಾ?"

ಅಂದಿನಿಂದ ಅವನ ಬಾಯಲ್ಲಿ ಒಂದೇ ಮಾತು: ಬಳ್ಳಿ ಕೀಳಿಸಿ ಲೇಔಟ್ ಮಾಡೋಣ. ಅತ್ತಿಗೆ ಅತ್ತು, ಅಣ್ಣ ಗದರಿ, ಅಜ್ಜಿ ಶಾಪ ಹಾಕಿ, ನಾನು ಹೋಟೆಲಿನ ಸುದ್ದಿ ತಂದ ಮೇಲೆ ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. "ಆ ದೊಡ್ಡ ಹೋಟೆಲಿನೋರು ನಿಮ್ಮ ನೊರೆ ತಗೊಂಡ್ರೆ ತೋಟ ಇರ್ಲಿ, ನಾನು ಉಸಿರೆತ್ತಲ್ಲ. ಬೇಡ ಅಂದ್ರೆ ಸೈಟು."

ಊರಿನ ಜನ ಇವತ್ತಿಗೂ ಹೇಳುತ್ತಾರೆ, ಆ ಚುನಾವಣೆಯಲ್ಲಿ ಗೆದ್ದವನ ಮನೆಯಲ್ಲೂ ಅಷ್ಟು ಪಟಾಕಿ ಹೊಡೆದಿರಲಿಲ್ಲ ಅಂತ.

೪. ತವರು

ಹೋಟೆಲಿಗೆ ಕೊಡುವ ವೈನ್ ತುಂಬಲು ದಪ್ಪ ಬಾಟಲಿ ಹುಡುಕಿಕೊಂಡು ಯಜಮಾನಿ, ನಾನು ಹೊಸಕೋಟೆಯ ಒಬ್ಬ ಗುಜರಿ ಸಾಹೇಬರ ಹತ್ತಿರ ಹೋದೆವು. ಬೆಂಗಳೂರಿನ ಹೋಟೆಲುಗಳ ಖಾಲಿ ಬಾಟಲಿಯೆಲ್ಲ ಬಂದು ಬೀಳುವುದು ಅಲ್ಲಿಗೆ.

"ಅಸಲಿ ಫಾರಿನ್ ಮಾಲು ಮೇಡಂ. ತಳ ನೋಡಿ, ಪೈಲ್ವಾನ್ ಇದ್ದಂಗೈತೆ" ಎಂದು ಒಂದನ್ನು ತಟ್ಟಿ ತೋರಿಸಿದರು. "ನಾನು ಒಂದು ತೊಟ್ಟು ಮುಟ್ಟಿದೋನಲ್ಲ. ಆದ್ರೆ ಊರು ಯಾವಾಗ ಎಷ್ಟು ಕುಡೀತು, ಎಲ್ಲಾ ನನಗೆ ಗೊತ್ತು."

"ಹೊಸ ವರ್ಷಕ್ಕೆ ಜಾಸ್ತಿ ಬರುತ್ತಾ ಭಾಯ್?" ಅಂದೆ.

"ಹೊಸ ವರ್ಷ ಏನೂ ಅಲ್ಲ. ಮದುವೆಗೆ ಒಂದು ಮೂಟೆ ಬರುತ್ತೆ. ಅದೇ ಜೋಡಿ ಡಿವೋರ್ಸ್ ಆದ್ರೆ ಎರಡು ಮೂಟೆ."

ನನ್ನದಕ್ಕೆ ಎಷ್ಟು ಮೂಟೆಯಾಗಿತ್ತೆಂದು ನನಗೆ ನೆನಪಿತ್ತು.

ಬಾಟಲಿ ಆರಿಸಿ ಕಟ್ಟಿಸಿದ ಮೇಲೆ, ವೈನ್ ಯಾವ ಹೋಟೆಲಿಗೆ ಅಂತ ಕೇಳಿದರು. ಹೇಳಿದೆವು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲಿಂದಾನೇ ಬಂದಿದ್ದು ಇವು! ಮಗಳನ್ನ ತುಂಬಿಸಿ ತವರಿಗೆ ಕಳಿಸ್ತಾ ಇದ್ದೀರ. ಹೋಗ್ಬನ್ನಿ ಅಕ್ಕಾ, ಒಳ್ಳೇದಾಗ್ಲಿ."

೫. ತೋಟವಿಲ್ಲದ ಬೆಳೆಗಾರ

ಹೋಟೆಲಿನ ಮ್ಯಾನೇಜರು ತಾವೇ ಶಿಫಾರಸು ಮಾಡಿ ಕಳಿಸಿದ ಇನ್ನೊಬ್ಬ ಸಣ್ಣ ಬೆಳೆಗಾರರು ದೇವನಹಳ್ಳಿ ಕಡೆಯವರು. ಸಣ್ಣ ಅಂದರೆ, ಗೇಟಿನಿಂದ ಬಾಗಿಲಿಗೆ ಬ್ಯಾಟರಿ ಗಾಡಿಯಲ್ಲಿ ಕರೆದೊಯ್ಯುವಷ್ಟು ಸಣ್ಣ. ಅಪಾರ್ಟ್‌ಮೆಂಟ್ ಕಟ್ಟಿ ಬೇಸರವಾಗಿ ಮಣ್ಣಿಗೆ ಮರಳಿದೆ ಎಂದರು. ಕಾಲಲ್ಲಿದ್ದ ಬಿಳಿ ಬೂಟಿಗೆ ಆ ಸಂಗತಿ ಇನ್ನೂ ತಿಳಿದಂತಿರಲಿಲ್ಲ.

ವೈನಿಗೆ ಫ್ರೆಂಚ್ ಹೆಸರಿಟ್ಟಿದ್ದರು. ಉಚ್ಚಾರ ತಪ್ಪಿತ್ತು, ಅವರು ಉಚ್ಚರಿಸಿದ ರೀತಿಯಲ್ಲಿ ಆ ಪದಕ್ಕೆ ಫ್ರೆಂಚಿನಲ್ಲಿ ಕೊಟ್ಟಿಗೆ ಎಂದರ್ಥ. ನಾನು ತಿದ್ದಲಿಲ್ಲ. ಬಾಯಿಗೆ ಹಾಕಿಕೊಂಡೆ. ಎಲ್ಲಿಂದಲೋ ತಂದ ರಸಕ್ಕೆ ಸೋಡಾ ಮೆಷಿನ್ನಿನ ಗ್ಯಾಸು ಹೊಡೆದ ರುಚಿ. ಮನಃಪೂರ್ವಕವಾಗಿ ಉಗಿದೆ, ಎರಡೂ ಅರ್ಥದಲ್ಲಿ.

"ಬಳ್ಳಿ ನೋಡಬಹುದಾ ಸರ್?"

"ಶೂರ್, ಶೂರ್." ಕಿಟಕಿಯ ಹತ್ತಿರ ಕರೆದೊಯ್ದು ಖಾಲಿ ಬಯಲಿನತ್ತ ಕೈ ಚಾಚಿದರು. "ಅಲ್ಲೆಲ್ಲಾ ಬಳ್ಳಿ."

"ಎಲ್ಲಿ ಸರ್?"

"ಬರುತ್ತೆ. ಪ್ಲಾನ್ ಸ್ಯಾಂಕ್ಷನ್ ಆಗಿದೆ."

೬. ನುಂಗಿದವರು

ರುಚಿ ನೋಡುವ ದಿನ ಬಂತು. ಯಜಮಾನಿ ತನ್ನ ಮದುವೆಯ ಸೀರೆ ಉಟ್ಟುಕೊಂಡು ಬಂದಿದ್ದಳು, ಗಂಡನೇ ನೇಯ್ದದ್ದಂತೆ. ನಾನು ಹುಡುಕಿ ತಂದವಳಾದ್ದರಿಂದ ತೀರ್ಪಿನ ಮೇಜಿಗೆ ನನಗೆ ಪ್ರವೇಶವಿರಲಿಲ್ಲ. ಹಿಂದಿನ ಸಾಲಿನಲ್ಲಿ ಗಂಡ ಹೆಂಡಿರ ಜೊತೆ ಕೂತೆ. ಬಾಟಲಿಗಳಿಗೆಲ್ಲ ಬಟ್ಟೆ ಸುತ್ತಿದ್ದರು, ಯಾವುದು ಯಾರದ್ದೆಂದು ಯಾರಿಗೂ ತಿಳಿಯದಂತೆ. ಅವಳದು ಕೊನೆಯದೆಂದು ನನಗೆ ಗೊತ್ತಿತ್ತು. ಬಾಟಲಿಯ ಪೈಲ್ವಾನ್ ತಳದಿಂದ.

ತೀರ್ಪುಗಾರರು ಮೊದಲನೆಯದನ್ನು ಮುಕ್ಕಳಿಸಿದರು, ಉಗಿದರು. ಮುಂದಿನದು, ಉಗಿದರು. ಸೋಡಾ ಗುಳ್ಳೆಯಿಂದಲೇ ಗುರುತು ಸಿಗುವ ದೇವನಹಳ್ಳಿ ಬಿಲ್ಡರದ್ದು ಬಂದಾಗ ತುಸು ಬೇಗನೇ ಉಗಿದರು. ಪ್ರತಿ ಸಲವೂ ಯಜಮಾನಿ ನನ್ನತ್ತ ನೋಡಿ ತಲೆಯಾಡಿಸುತ್ತಿದ್ದಳು. ಉಗಿದರೆ ಅವಮಾನವಲ್ಲ, ಅದು ಈ ಕೆಲಸದ ಮರ್ಯಾದೆ ಅಂತ ನಾನೇ ಪಾಠ ಹೇಳಿದ್ದೆನಲ್ಲ.

ಕೊನೆಯದು ಬಂತು. ಒಬ್ಬರು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಗಂಟಲು ಮೇಲೆ ಕೆಳಗೆ ಆಡಿತು. ಪಕ್ಕದವರದ್ದೂ ಆಡಿತು. ಮೇಜಿನ ಮೇಲಿದ್ದ ಹೋಟೆಲಿನ ಪೀಕದಾನಿ ಸುಮ್ಮನೆ ಕೂತಿತ್ತು.

ಯಜಮಾನಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. "ಅಕ್ಕಾ, ಯಾಕ್ ಯಾರೂ ಉಗೀತಾ ಇಲ್ಲ? ಉಗಿಯೋಷ್ಟೂ ಚೆನ್ನಾಗಿಲ್ವಾ?"

"ಸುಮ್ನಿರು. ನುಂಗ್ತಾ ಇದ್ದಾರೆ" ಅಂದೆ. ಇಷ್ಟು ವರ್ಷದಲ್ಲಿ ಇಡೀ ಮೇಜು ಉಗಿಯುವುದನ್ನು ಮರೆತದ್ದನ್ನು ನಾನು ನೋಡಿರಲಿಲ್ಲ. ಒಬ್ಬರಂತೂ ಮತ್ತೆ ಗ್ಲಾಸು ಚಾಚಿದರು. ಬಾಟಲಿ ಖಾಲಿಯಾಯಿತು. "ಇದು ಯುರೋಪಿನದ್ದೇ ಇರಬೇಕು, ಪರೀಕ್ಷೆಗೆಂದು ನಡುವೆ ಸೇರಿಸಿದ್ದಾರೆ" ಎಂದು ಪಿಸುಗುಟ್ಟಿಕೊಂಡರು.

ಬಾಟಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಬೆಂಗಳೂರು ಬ್ಲೂ. ದೊಡ್ಡಬಳ್ಳಾಪುರ ತಾಲ್ಲೂಕು.

ಗ್ಲಾಸು ಚಾಚಿದ್ದವರೇ ಖಾಲಿ ಗ್ಲಾಸನ್ನು ಮೂಸಿ ಮೊದಲು ಬಾಯಿಬಿಟ್ಟರು. "ಈಗ ನೋಡಿದ್ರೆ... ಎಲ್ಲೋ ಒಂದು ನರಿ ವಾಸನೆ ಇದೆ, ಅಲ್ವಾ?" ಇತ್ತು ಇತ್ತು ಎಂದು ಎಲ್ಲರಿಗೂ ನೆನಪಾಯಿತು. ತಳ್ಳುಗಾಡಿ ಹಣ್ಣಿನ ವೈನನ್ನು ಅತಿಥಿಗಳಿಗೆ ಹೇಗೆ ಕೊಡುವುದು ಎಂದು ಮ್ಯಾನೇಜರು ನೊಂದುಕೊಂಡರು. ನಾನು ಎದ್ದು ನಿಂತು ನನಗೆ ಬರುವ ಭಾಷೆಗಳಲ್ಲೆಲ್ಲ ಉಗಿದೆ. ನನ್ನನ್ನು ಮರ್ಯಾದೆಯಿಂದ ಹೊರಗೆ ಬಿಟ್ಟು ಬಂದರು. ಕೊಟ್ಟಿಗೆ ಹೆಸರಿನ ವೈನು ಆಯ್ಕೆಯಾಯಿತು.

ಆಮೇಲಿನದ್ದು ದೊಡ್ಡ ಕತೆಯಲ್ಲ. ತಮ್ಮ ಮಾತಿಗೆ ತಪ್ಪಲಿಲ್ಲ, ಜೆಸಿಬಿ ಬಂತು. ಈಗ ಅಲ್ಲೊಂದು ಕಮಾನು ಇದೆ, ಲೇಔಟಿಗೆ ದ್ರಾಕ್ಷಿಯದೇ ಹೆಸರು. ಕಮಾನಿನ ಮೇಲೆ ಸಿಮೆಂಟಿನ ಗೊಂಚಲು ಮಾಡಿಸಿ ನೀಲಿ ಬಣ್ಣ ಹೊಡೆಸಿದ್ದಾರೆ. ಅದಕ್ಕೆ ವಾಸನೆ ಇಲ್ಲ, ಹಾಗಾಗಿ ಯಾರ ತಕರಾರೂ ಇಲ್ಲ.

ಆದರೆ ನನಗೆ ನೆನಪಿರುವುದು ಹೋಟೆಲಿನಿಂದ ಮೂವರೂ ತೋಟದ ಮನೆಗೆ ವಾಪಸು ಹೋದ ಆ ಸಂಜೆ. ಅಜ್ಜಿ ಪೀಕದಾನಿ ಪಕ್ಕದಲ್ಲಿಟ್ಟುಕೊಂಡು ಜಗಲಿಯಲ್ಲೇ ಕಾಯುತ್ತಿದ್ದಳು.

"ಏನಾಯ್ತೇ? ಅವರೂ ಇವಳಂಗೇ ರಸ ಉಗಿದ್ರಾ?"

ಯಜಮಾನಿ ಮದುವೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಕೂತಳು.

"ಇಲ್ಲ ಅತ್ತೆ, ಅವರು ನಿಮ್ಮ ಪೈಕಿನೇ. ರಸ ನುಂಗಿದ್ರು, ನಮ್ಮನ್ನ ಉಗಿದ್ರು."