ಸಕ್ಕರೆ ಕೆಮಿಸ್ಟರ ಕಾಲು

ಬೆಳ್ಳಂಬೆಳಿಗ್ಗೆ ಜನರ ಮನೆ ಬಾಗಿಲು ತಟ್ಟಿ ರಕ್ತ ಕೇಳುವವಳಿಗೆ ನಗುವ ಪ್ರಸಂಗಗಳ ಬರ ಎಂದೂ ಬಂದಿಲ್ಲ. ನಾನು ಪುಣೆಯ ಕೋಥರೂಡದಲ್ಲಿ ರಕ್ತ ತಪಾಸಣೆಯ ಲ್ಯಾಬಿನವಳು. ನಮ್ಮ ಕಣ್ಣಿಗೆ ಮನುಷ್ಯ ಎಂದರೆ ನಾಲ್ಕೇ ಸಾಮಾನು: ಸಕ್ಕರೆ, ಕೊಬ್ಬು, ಪ್ರೋಟೀನು, ಮತ್ತೆ ಹಿರಿಯರು ಬಿಟ್ಟುಹೋದ ಡಿಎನ್‌ಎ. ಈ ನಾಲ್ಕೂ ಕೂಡಿಕೊಂಡು ಒಬ್ಬರನ್ನೇ ಕಾಡಿದ್ದನ್ನು ನೋಡಿದ್ದೇನೆ. ಅವರು ಮೂಲತಃ ವಿಜಯಪುರದವರು, ಬಾರಾಮತಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿ ನಿವೃತ್ತರಾದವರು. ಕನ್ನಡದವಳು ಸಿಕ್ಕಳೆಂದು ಪ್ರತಿ ಸಲ ನನ್ನನ್ನೇ ಕರೆಸುತ್ತಿದ್ದರು. ಅವರಿಗೆ ನಾನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಗೆ ಕಾಕು. ಕಾಕಾರ ಬಲಗಾಲಿನ ಹೆಬ್ಬೆರಳಿಗೆ ಹುಣ್ಣಾಗಿ ಮಾಯುತ್ತಲೇ ಇರಲಿಲ್ಲ. ಸಕ್ಕರೆ ಇಳಿಯದಿದ್ದರೆ ಕಾಲು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು.

೧. ಸಕ್ಕರೆ

ಜೀವಮಾನವೆಲ್ಲ ಕಬ್ಬಿನ ಹಾಲಿನಲ್ಲಿ ಸಕ್ಕರೆ ಎಷ್ಟಿದೆ ಎಂದು ಅಳೆದವರು ಕಾಕಾ. ನಾನು ರಕ್ತ ತೆಗೆದರೆ ಆ ಟ್ಯೂಬನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುವರು. ಯಾವ ಮಷೀನು, ಯಾವ ಕೆಮಿಕಲ್ಲು ಎಂದು ನನ್ನ ಜೀವ ತಿನ್ನುವರು. ಇಷ್ಟೆಲ್ಲ ಬಲ್ಲವರು ಮಾಡುತ್ತಿದ್ದದ್ದೇನು? ಟೆಸ್ಟಿಗೆ ಎರಡು ದಿನ ಮುಂಚೆ ಬರೀ ಹಾಗಲಕಾಯಿ ತಿಂದು, ಟೆಸ್ಟು ಮುಗಿದ ಮಧ್ಯಾಹ್ನ ಹೋಳಿಗೆ. ರಿಪೋರ್ಟು ಸುಧಾರಿಸುತ್ತ ಹೋಯಿತು, ಹುಣ್ಣು ಕೆಡುತ್ತ ಹೋಯಿತು.

ಡಾಕ್ಟರಿಗೆ ಸಂಶಯ ಬಂದು ಮೂರು ತಿಂಗಳ ಸಕ್ಕರೆ ತೋರಿಸುವ ಟೆಸ್ಟು ಬರೆದರು. ಸಕ್ಕರೆ ರಕ್ತದ ಕೆಂಪು ಕಣಕ್ಕೆ ಅಂಟಿಕೊಂಡರೆ ಆ ಕಣ ಸಾಯುವವರೆಗೂ ಬಿಡುವುದಿಲ್ಲ, ಎರಡು ದಿನದ ಹಾಗಲಕಾಯಿ ಇದರ ಮುಂದೆ ನಡೆಯುವುದಿಲ್ಲ ಎಂದು ನಾನು ಬಿಡಿಸಿ ಹೇಳಿದೆ. ಕಾಕು ಒಳಗೆ ಹೋದ ಮೇಲೆ ಕಾಕಾ ಮೆಲ್ಲಗೆ ಕೇಳಿದರು:

"ತಂಗೀ, ದೀಪಾವಳಿ ಒಂದ್ ಬಿಟ್ಟು ಉಳದದ್ದು ನೋಡಾಕ ಬರೂದಿಲ್ಲೇನು?"

೨. ಕೊಬ್ಬು

ಕೊಬ್ಬಿನ ಟೆಸ್ಟಿಗೆ ಹನ್ನೆರಡು ತಾಸು ಉಪವಾಸ ಇರಬೇಕು. ನೀರು ಬಿಟ್ಟು ಏನೂ ಕೂಡದು ಎಂದು ಹಿಂದಿನ ದಿನ ಎರಡು ಸಲ ಫೋನ್ ಮಾಡಿ ಹೇಳಿದ್ದೆ. ಆದರೂ ಅವರ ರಕ್ತವನ್ನು ಲ್ಯಾಬಿನ ಮಷೀನಿನಲ್ಲಿ ಗರಗರ ತಿರುಗಿಸಿದರೆ ಮೇಲೆ ತಿಳಿಯಾಗಿ ನಿಲ್ಲಬೇಕಾದದ್ದು ಹಾಲಿನ ಹಾಗೆ ಬೆಳ್ಳಗೆ ನಿಂತಿತು. ಸಿಟ್ಟಿನಿಂದಲೇ ಫೋನ್ ಮಾಡಿದೆ. ಕಾಕಾ ತಾವು ಒಂದು ತುತ್ತೂ ತಿಂದಿಲ್ಲ ಎಂದು ದೇವರಾಣೆ ಹಾಕಿದರು. ಕಾಕು ಫೋನ್ ಕಸಿದುಕೊಂಡು ಅದನ್ನೇ ಹೇಳಿದರು. ಹುಣ್ಣು ಮಾಯಲೆಂದು ಎದ್ದ ಕೂಡಲೇ ಒಂದು ವಾಟಿ ತುಪ್ಪ ಕುಡಿಸಿದ್ದರಂತೆ, ಅದು ಔಷಧಿ, ಊಟವಲ್ಲವಂತೆ. ನಾನು ತಲೆ ಚಚ್ಚಿಕೊಂಡೆ. ಕಾಕು ನನಗೇ ಸಮಾಧಾನ ಹೇಳಿದರು:

"ನೀನ ವಿಚಾರ ಮಾಡವ್ವಾ, ಖಾಲಿ ಹೊಟ್ಟ್ಯಾಗ ರಕ್ತ ಹ್ಯಾಂಗ ಕೊಡೂದು?"

೩. ಪ್ರೋಟೀನು

ಹುಣ್ಣು ಮಾಯಲು ಮೈಯಲ್ಲಿ ಪ್ರೋಟೀನು ಬೇಕು, ಬೇಳೆ ಸಾಲದು, ದಿನಾ ಮೊಟ್ಟೆ ತಿನ್ನಿ ಎಂದರು ಡಾಕ್ಟರು. ಅದು ಈರುಳ್ಳಿಯನ್ನೂ ವಾರ ನೋಡಿ ಹೆಚ್ಚುವ ಮನೆ. ನೀನೇ ತಂದುಕೊಡು ಎಂದು ಕಾಕಾ ಗುಟ್ಟಾಗಿ ನನ್ನ ಕೈ ಹಿಡಿದುಕೊಂಡರು. ಹುಣ್ಣಿನ ದೆಸೆಯಿಂದ ಆಗ ವಾರಕ್ಕೆ ಮೂರು ಸಲ ಅವರಲ್ಲಿಗೆ ಹೋಗುತ್ತಿದ್ದೆ. ನನ್ನ ಮನೆಯಲ್ಲಿ ಬೇಯಿಸಿದ ಮೊಟ್ಟೆ ನನ್ನ ಹೆಗಲಚೀಲದಲ್ಲಿ ಸ್ಕೂಟರ್ ಏರಿ ಬರಲಿಕ್ಕೆ ಶುರುವಾಯಿತು. ಕಾಕು ಪೂಜೆಗೆ ಕೂತಾಗ ಕಾಕಾ, ಪುಣೆಯವರು ಗ್ಯಾಲರಿ ಎನ್ನುವ ಬಾಲ್ಕನಿಯಲ್ಲಿ, ಬಾಗಿಲಿಗೆ ಬೆನ್ನು ಹಾಕಿ ನಿಂತು ನುಂಗುತ್ತಿದ್ದರು. ಸಿಪ್ಪೆ ಮತ್ತೆ ನನ್ನ ಚೀಲಕ್ಕೆ.

ಒಂದು ದಿನ ಸಿಪ್ಪೆಯ ಚೂರೊಂದು ತುಳಸಿಯ ಕುಂಡದಲ್ಲಿ ಬಿದ್ದದ್ದು ಕಾಕುವಿನ ಕಣ್ಣಿಗೆ ಬಿತ್ತು. ನಾನು ಚಪ್ಪಲಿ ಹುಡುಕತೊಡಗಿದೆ. ಕಾಕು ಆ ಚೂರನ್ನು ಅಂಗೈಯಲ್ಲಿ ಇಟ್ಟುಕೊಂಡು ಗಂಡನ ಮುಂದೆ ನಿಂತರು. ಕಣ್ಣು ತುಂಬಿತ್ತು.

"ಕದ್ದು ಯಾಕ ತಿಂತೀರಿ? ಕಾಲು ಉಳೀತದಂದ್ರ ಈ ಗ್ಯಾಲರ್‍ಯಾಗ ನಾನ ಕೋಳಿ ಸಾಕ್ತೀನಿ."

೪. ಉಳಿದದ್ದು

ಕಾಲು ಉಳಿಯಲಿಲ್ಲ. ಮೊಣಕಾಲಿನ ಕೆಳಗೆ ತೆಗೆದರು. ಕಾಕಾರ ಅಪ್ಪನೂ ಇದೇ ರೋಗದಲ್ಲಿ ಕಾಲು ಕಳೆದುಕೊಂಡಿದ್ದರೆಂದು ಆಗ ಗೊತ್ತಾಯಿತು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ.

ಕಡಿದ ಕಾಲನ್ನು ಆಸ್ಪತ್ರೆಯ ಕಸದ ಜೊತೆ ಸುಡಲು ಸಹಿ ಕೇಳಿದರು. ಕಾಕಾ ಕೊಡಲಿಲ್ಲ. ಸಕ್ಕರೆ, ಕೊಬ್ಬು, ಪ್ರೋಟೀನು ಎಲ್ಲ ಕೊನೆಗೆ ಕಾರ್ಬನ್ನೇ, ಅದು ತಮಗೆ ಗೊತ್ತು, ಆದರೆ ಇದು ತಮ್ಮ ಕಾಲು, ಮರ್ಯಾದೆಯಿಂದ ಹೋಗಬೇಕು ಎಂದರು. ಕಾಲು ಆಸ್ಪತ್ರೆಯ ಶವಾಗಾರದಲ್ಲಿ ತಣ್ಣಗೆ ಕಾಯಿತು. ಐದನೆಯ ದಿನ ಡಾಕ್ಟರರ ಕೈಕಾಲು ಹಿಡಿದು ಎರಡು ತಾಸಿನ ರಜೆ ಪಡೆದೆವು. ಬಿಳಿ ಬಟ್ಟೆಯಲ್ಲಿ ಸುತ್ತಿದ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾಕಾ ಗಾಲಿಕುರ್ಚಿಯಲ್ಲಿ ಸ್ಮಶಾನಕ್ಕೆ ಬಂದರು. ಹಿಂದೆ ಕಾಕು ಮತ್ತು ನಾನು.

ಮಂತ್ರ ಹೇಳಬೇಕಾದವರು ಗೋತ್ರ ಕೇಳಿದರು, ಹೆಸರು ಕೇಳಿದರು, ಆ ಹೆಸರಿನವರು ಎದುರಿಗೇ ಕೂತಿದ್ದಾರೆಂದು ತಿಳಿದ ಮೇಲೆ ಚಹಾ ಕುಡಿದು ಬರುತ್ತೇನೆಂದು ಹೋದವರು ಬರಲೇ ಇಲ್ಲ. ಕಿಟಕಿಯ ಗುಮಾಸ್ತ ಮಾತ್ರ ತಲೆ ಎತ್ತದೆ ಫಾರ್ಮು ತುಂಬುತ್ತಿದ್ದ. ತೀರಿಕೊಂಡವರ ಹೆಸರೇನು ಎಂದು ಮರಾಠಿಯಲ್ಲಿ ಕೇಳಿದ. ಕಾಕಾ ತಮ್ಮ ಹೆಸರು ಹೇಳಿದರು. ತಂದವರು ಯಾರು ಎಂದ. ಕಾಕಾ ಮತ್ತೆ ಅದೇ ಹೆಸರು ಹೇಳಿದರು. ಗುಮಾಸ್ತ ಈಗ ತಲೆ ಎತ್ತಿ ಗಾಲಿಕುರ್ಚಿ ನೋಡಿದ, ಬಿಳಿ ಗಂಟು ನೋಡಿದ, ಆಸ್ಪತ್ರೆಯ ಪತ್ರ ಓದಿದ. ಬರೆಯದೆ ಬಿಡುವಂತಿರಲಿಲ್ಲವಲ್ಲ, ತೀರಿಕೊಂಡವರಿಗೂ ನಿಮಗೂ ಸಂಬಂಧವೇನು ಎಂದು ತೊದಲುತ್ತ ಕೇಳಿದ.

ಕಾಕಾ ಆ ಗಂಟಿನ ಮೇಲೆ ಕೈಯಾಡಿಸಿದರು. ಮರಾಠಿ ಬಾಯಿಗೆ ಬರಲಿಲ್ಲವೇನೋ, ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದರು:

"ಅರವತ್ತೇಳು ವರ್ಷ ಕೂಡೇ ನಡದೀವಿ, ಕಡೀಕ ಇವನೇ ಮುಂದ ಹೋದ. ಅದಕ್ಕ ಏನ್ ಸಂಬಂಧ ಅಂತಾರ, ನೀನ ಹೇಳಿ ಬರಸವ್ವಾ."