ಮೌನದ ಧರ್ಮದಪ್ಪ

ಹೋದ ಜನಗಣತಿ ಪ್ರಕಾರ ನಮ್ಮ ಸಾನ್ ಎಲಿಯಾಸ್ ಊರಲ್ಲಿ ನಾಲ್ಕು ಸಾವಿರದ ಇನ್ನೂರ ಆರು ಜನ, ಆರುನೂರ ಹನ್ನೊಂದು ಪಿಟೀಲು ಮತ್ತು ಒಂದು ಆಂಬುಲೆನ್ಸ್ ಇವೆ. ಆಂಬುಲೆನ್ಸ್ ಕೆಟ್ಟು ಆರು ವರ್ಷ ಆಯ್ತು. ಪಿಟೀಲುಗಳೆಲ್ಲ ಶ್ರುತೀಲಿವೆ. ಯಾರಿಗಾದ್ರೂ ಎದೆ ನೋವು ಬಂದ್ರೆ ಮೂರೇ ನಿಮಿಷದಲ್ಲಿ ಹನ್ನೆರಡು ಜನ ಓಡಿ ಬಂದು, ಹಾಸಿಗೆ ಸುತ್ತ ನಿಂತು, ಬಹಳ ಚೆನ್ನಾಗಿ ಬಾರಿಸ್ತಾರೆ. ಇದುವರೆಗೆ ಯಾವ ರೋಗಿಯೂ ದೂರು ಕೊಟ್ಟಿಲ್ಲ.

ಇಂಥ ಊರಲ್ಲಿ 'ಯುವ ಪ್ರತಿಭೆಗಳ ಉನ್ನತ ಸಂಗೀತ ವ್ಯಾಸಂಗ ಸಹಾಯ ಸಮಿತಿ' ಅನ್ನೋದು ಹನ್ನೊಂದು ವರ್ಷದಿಂದ ಪ್ರತಿ ಗುರುವಾರ ತಪ್ಪದೆ ಸೇರ್ತಾ ಬಂದಿದೆ. ಸ್ವರಲಿಪಿ ಓದೋಕೆ ಬರದೇ ಇರೋರು ಊರಿಗೆಲ್ಲ ಹದಿನೇಳೇ ಜನ. ನಿಷ್ಪಕ್ಷಪಾತವಾಗಿರ್ಲಿ ಅಂತ ಅವರನ್ನೇ ಹುಡುಕಿ ಸದಸ್ಯರನ್ನಾಗಿ ಮಾಡಿದ್ದು. ಹನ್ನೊಂದು ವರ್ಷದಲ್ಲಿ ಒಬ್ಬರಿಗೂ ಸಹಾಯ ಆಗಿಲ್ಲ ಅನ್ನೋದು ಸಮಿತಿಯ ತಪ್ಪಲ್ಲ. ಅರ್ಜಿಗಳೇ ಬಂದಿರಲಿಲ್ಲ. ನಿಯಮ ನಾಲ್ಕರ ಪ್ರಕಾರ ಅರ್ಜಿ ಮೇಲೆ 'ಈ ಹಿಂದೆ ಸದರಿ ವ್ಯಾಸಂಗಕ್ಕಾಗಿ ಸಹಾಯ ಪಡೆದ ವ್ಯಕ್ತಿಯ' ಸಹಿ ಇರಬೇಕಿತ್ತು.

ಆ ನಿಯಮ ಬರೆದೋರು ಕಾರ್ಯದರ್ಶಿ ದೊನ್ ಸೆಕುಂದಿನೊ. ಅರವತ್ತು ದಾಟಿದ ಮನುಷ್ಯ, ಪುರಸಭೆ ಗುಮಾಸ್ತರಾಗಿ ನಿವೃತ್ತಿ ಆದೋರು. ನಿಯಮ ಬರೆಯೋದ್ರಲ್ಲಿ ಅವರ ಕೈ ಎಷ್ಟು ಪಳಗಿತ್ತು ಅಂದ್ರೆ, ಮನೆಯ ಕೋಳಿಗೂಡಿನ ಬಾಗಿಲ ಮೇಲೂ ಹದಿನಾಲ್ಕು ಕಲಮಿನ ಒಂದು ಹಾಳೆ ಅಂಟಿಸಿದ್ರು. ಕೋಳಿಗಳು ಹನ್ನೆರಡನ್ನ ಪಾಲಿಸ್ತಿದ್ವು.

ಒಂದು ಗುರುವಾರ ಎರ್ಲಿಂದಾ ಬಂದ್ಲು. ಚೌಕದಲ್ಲಿ ಜೋಳದ ಪಾನಕ ಮಾರೋ ಹೆಂಗಸಿನ ಮಗಳು, ಹದಿನೇಳು ವರ್ಷ. ಅವಳು ಪಿಟೀಲು ಬಾರಿಸಿದ್ರೆ ಬಿಸಿಲಲ್ಲಿ ಬಿದ್ದಿರೋ ನಾಯಿಗಳು ಮಗ್ಗಲು ಬದಲಾಯಿಸಿ, ಒಳ್ಳೇ ಕಿವಿ ಮೇಲೆ ಮಾಡಿಕೊಂಡು ಕೇಳ್ತಿದ್ವು. ಗಡಿಯಾಚೆ ಮಹಾನಗರದ ಸಂಗೀತ ವಿದ್ಯಾಲಯದಲ್ಲಿ ಪ್ರವೇಶ ಪರೀಕ್ಷೆ ಜುಲೈಗಿತ್ತು. ಹದಿನೆಂಟು ತುಂಬಿದವರನ್ನ ಅಲ್ಲಿ ಈಗೀಗ ಪರೀಕ್ಷೆಗೆ ಕೂರಿಸಲ್ಲ. ಎರ್ಲಿಂದಾಗೆ ಆಗಸ್ಟಿಗೆ ತುಂಬುತ್ತೆ. ಈ ಸಲ ಬಿಟ್ರೆ ಆಮೇಲೆ ಪಾನಕದ ಗಾಡಿನೇ ಗತಿ.

"ತಾತಾ, ಈ ಸಹಿ ಯಾರ ಹತ್ರ ಹಾಕಿಸ್ಲಿ?"

"ಹಿಂದೆ ಸಹಾಯ ಪಡೆದವರ ಹತ್ರ."

"ಯಾರೂ ಪಡೆದೇ ಇಲ್ವಲ್ಲ."

"ಅದಕ್ಕೆ ಸಮಿತಿ ವಿಷಾದ ವ್ಯಕ್ತಪಡಿಸುತ್ತೆ."

"ನೀವು ಹೋಗಿದ್ರಂತಲ್ಲ. ಹಳೇ ಪಾದ್ರಿಗಳು ಬಸ್ ಚೀಟಿ ಕೊಡ್ಸಿ ಕಳ್ಸಿದ್ರು ಅಂತ ನಮ್ಮಜ್ಜಿ ಹೇಳ್ತು."

ದೊನ್ ಸೆಕುಂದಿನೊ ಕನ್ನಡಕ ತೆಗೆದು ಒರೆಸಿದ್ರು. ನಲವತ್ತೊಂದು ವರ್ಷದ ಹಿಂದೆ ಅವರು ಹೋಗಿದ್ದು ನಿಜ. ಅಲ್ಲಿ ಏನಾಯ್ತು ಅಂತ ಊರಿಗೆ ಅವರು ಹೇಳಿರೋದು ಮೂರು ಥರ ಇದೆ: ಪರೀಕ್ಷೆ ನಡೀತಿದ್ದಾಗ ಭೂಕಂಪ ಆಯ್ತು, ಪರೀಕ್ಷಕರು ಆನಂದಬಾಷ್ಪ ತಡೀಲಾರದೆ ಎದ್ದು ಹೋದ್ರು, ರಾಷ್ಟ್ರಪತಿಗಳು ತೀರ್ಕೊಂಡ್ರು. ನಡೆದದ್ದು ಇಷ್ಟೇ. ಹದಿನಾಲ್ಕನೇ ಸಾಲಲ್ಲಿ ಮುಂದಿನ ಸ್ವರ ಮರೆತು ಹೋಯ್ತು. ಕಮಾನು ಎತ್ತಿಕೊಂಡು ಹಾಗೇ ನಿಂತ್ರು. ಪರೀಕ್ಷಕರು "ಸಾಕು, ಧನ್ಯವಾದ" ಅಂದ್ರು. ಇವರು ಹೋದ ಬಸ್ಸಲ್ಲೇ ವಾಪಸ್ ಬಂದ್ರು.

ಅವರು ನಿಯಮ ನಾಲ್ಕನ್ನ ಎರಡು ಸಲ ಓದಿದ್ರು. ಪಡೆದ ವ್ಯಕ್ತಿ ಅಂತಿದೆ, ಪಾಸಾದ ವ್ಯಕ್ತಿ ಅಂತ ಇಲ್ಲ. ತಾವು ಬರೆದ ನಿಯಮದಲ್ಲಿ ಇಂಥ ಸಂದು ಇರೋದು ನೋಡಿ ಅವರಿಗೇ ನಾಚಿಕೆ ಆಯ್ತು. ಸಹಿ ಹಾಕಿದ್ರು.

ಈಗ ಹಣದ ಮಾತು ಬಂತು. ಸಮಿತೀಲಿ ಹಣ ಅನ್ನೋದು ಯಾವತ್ತೂ ಇರಲಿಲ್ಲ. ಆದ್ರೆ ನಮ್ಮ ಕಡೆ ಅದೊಂದು ಅಡ್ಡಿಯೇ ಅಲ್ಲ. ಮದುವೆ ಅಂದ್ರೆ ಉಂಗುರಕ್ಕೊಬ್ಬ ಧರ್ಮದಪ್ಪ, ಕೇಕಿಗೊಬ್ಬ ಧರ್ಮದಮ್ಮ, ಬಿಯರಿಗೊಬ್ಬ, ಬಾಡಿಗೆ ಕುರ್ಚಿಗೊಬ್ಬ ಇರ್ತಾರೆ. ಖರ್ಚೂ ಅವರದೇ, ಗೌರವವೂ ಅವರದೇ. ಅದೇ ರೀತಿ ಎರ್ಲಿಂದಾ ಪಿಟೀಲಿನ ನಾಲ್ಕು ತಂತಿಗಳನ್ನೂ ಹಂಚಿದ್ರು. ತಂತಿ ಅಂದ್ರೆ ಬರೀ ತಂತಿ ಅಲ್ಲ, ಅದರ ಜೊತೆ ಹುಡುಗಿಯ ಊಟ ವಸತೀಲಿ ಕಾಲು ಭಾಗ. ದಪ್ಪ ತಂತಿಗೆ ಮಾಂಸದಂಗಡಿ ದೊನ್ ಕ್ರಿಸೋಲೊಗೊ ಧರ್ಮದಪ್ಪ ಆದ. ತೆಳು ತಂತಿಗೆ ಔಷಧಿ ಅಂಗಡಿ ದೊನ್ಯಾ ಎದುವಿಹೆಸ್. ನಡುವಿನ ಎರಡು ಲಾರಿ ಸಂಘಕ್ಕೂ ಬೇಕರಿಗೂ ಹೋದ್ವು. ಚುನಾವಣೆ ವರ್ಷ ಆದ್ದರಿಂದ ಕಮಾನನ್ನ ಮೇಯರ್ ವಹಿಸಿಕೊಂಡ್ರು. ಬೆವರು ಒರೆಸೋ ಕರ್ಚೀಫಿಗೂ ಪೈಪೋಟಿ ಆಯ್ತು.

ಕಾರ್ಯದರ್ಶಿಗಳು ಏನೂ ವಹಿಸ್ಕೊಂಡಿಲ್ವಲ್ಲ ಅಂತ ಕೊನೆಗೆ ಯಾರೋ ಕೇಳಿದ್ರು. ದೊನ್ ಸೆಕುಂದಿನೊ ಕೈ ಬಿಗಿ ಅನ್ನೋದು ಊರಿಗೇ ಗೊತ್ತು. ಇಗರ್ಜೀಲಿ ಪಾದ್ರಿಗಳ ಕಾಣಿಕೆ ತಟ್ಟೆ ಬಂದಾಗ ಕಣ್ಮುಚ್ಚಿ ಧ್ಯಾನ ಮಾಡೋ ಪೈಕಿ. ಅವರು ಎರ್ಲಿಂದಾ ಬಾರಿಸಲಿದ್ದ ಸೊನಾಟಾದ ಹಾಳೆ ಎತ್ತಿಕೊಂಡ್ರು. ಇಗರ್ಜಿಯ ಹಳೇ ಪೆಟ್ಟಿಗೇಲಿ ಸಿಕ್ಕಿದ್ದು, ಬರೆದವರ ಹೆಸರಿಲ್ಲ, ಮುನ್ನೂರು ವರ್ಷದ್ದು. ಕಲಿತದ್ದೆಲ್ಲ ಮರೆತು ಹೋದ ಮೇಲೆ ಅವರಿಗೆ ಸ್ವರಲಿಪೀಲಿ ಗುರುತು ಹಿಡಿಯೋಕೆ ಬರ್ತಿದ್ದದ್ದು ಒಂದೇ ಚಿಹ್ನೆ. ಅದನ್ನ ಬೆರಳಲ್ಲಿ ತೋರಿಸಿದ್ರು.

"ಇಲ್ಲೊಂದು ನಿಲುಗಡೆ ಇದೆ. ಇಲ್ಲಿ ಪಿಟೀಲು ಸುಮ್ಮನಿರುತ್ತೆ. ಆ ಮೌನಕ್ಕೆ ನಾನು ಧರ್ಮದಪ್ಪ."

"ಅದಕ್ಕೆ ಎಷ್ಟು ಕೊಡ್ತೀರಿ?" ಅಂದ್ಲು ಔಷಧಿ ಅಂಗಡಿಯಾಕೆ.

"ಮೌನಕ್ಕೆ ಬೆಲೆ ಕಟ್ಟೋ ಯೋಗ್ಯತೆ ನನಗಿಲ್ಲ ದೊನ್ಯಾ."

ಆದ್ದರಿಂದ ಕಟ್ಟಲಿಲ್ಲ. ನಡಾವಳಿ ಪುಸ್ತಕದಲ್ಲಿ 'ಅಮೂಲ್ಯ' ಅಂತ ನಮೂದಾಯ್ತು.

ಧರ್ಮದಪ್ಪಂದಿರ ಮುಂದೆ ಮೊದಲ ಅಭ್ಯಾಸ ಇಗರ್ಜಿ ಜಗಲೀಲಿ ನಡೀತು. ಎರ್ಲಿಂದಾ ಎಷ್ಟು ಚೆನ್ನಾಗಿ ಬಾರಿಸಿದ್ಲು ಅಂದ್ರೆ ಗಂಟೆಗೋಪುರದ ಗಿಳಿಗಳು ಒಂದು ಗಂಟೆ ಕಾಲ ಜಗಳ ನಿಲ್ಲಿಸಿದ್ವು. ಮುಗಿದ ಮೇಲೆ ದೊನ್ ಕ್ರಿಸೋಲೊಗೊ ಎದ್ದು ನಿಂತ.

"ನನ್ನ ತಂತಿ ಹತ್ತೊಂಬತ್ತು ಸಲ ಮುಟ್ಟಿದೆ ಮಗಳೇ. ನಾನು ಎಣಿಸ್ದೆ. ಆ ಔಷಧಿಯಮ್ಮನ ತಂತಿ ಏಳ್ನೂರು ಸಲ ಕುಯ್ದೆ. ನಂದೇನು ತಂತಿನೋ, ಹಸು ಕಟ್ಟೋ ಹಗ್ಗನೋ?"

"ನಿಮ್ಮದು ಕೊಬ್ಬು ಜಾಸ್ತಿ ಇರೋ ತಂತಿ ದೊನ್ ಕ್ರಿಸೋಲೊಗೊ," ಅಂದ್ಲು ದೊನ್ಯಾ ಎದುವಿಹೆಸ್. "ವೈದ್ಯರು ಕಮ್ಮಿ ಮಾಡಿ ಅಂದಿರ್ತಾರೆ."

ದುಡ್ಡು ವಾಪಸ್ ಕೊಡಿ ಅನ್ನೋವರೆಗೂ ಮಾತು ಹೋಯ್ತು. ಎರ್ಲಿಂದಾ ಮುಖ ಬಿಳಿಚಿಕೊಳ್ತು. ದೊನ್ ಸೆಕುಂದಿನೊಗೆ ಗೊತ್ತಿದ್ದ ಔಷಧಿ ಒಂದೇ. ಮಾರನೇ ದಿನ ಬೆಳಗ್ಗೆ ಇಗರ್ಜಿ ಬಾಗಿಲ ಮೇಲೆ ಇದು ಅಂಟಿತ್ತು:

'ಪ್ರಕಟಣೆ. ಸದರಿ ಪಿಟೀಲಿನ ನಾಲ್ಕು ತಂತಿಗಳು ಹಾಗೂ ಒಂದು ಮೌನ, ಒಟ್ಟು ಐದು ಬಾಬುಗಳಿಗೂ ಸಮಾನ ಅವಕಾಶ ಕಲ್ಪಿಸತಕ್ಕದ್ದು. ಪ್ರತಿ ಸ್ವರಕ್ಕೆ ಒಂದರಂತೆ ಜೋಳದ ಕಾಳನ್ನು ಸಂಬಂಧಪಟ್ಟ ಬಟ್ಟಲಿಗೆ ಹಾಕತಕ್ಕದ್ದು. ಎಣಿಕೆಯ ಅವಧಿಯಲ್ಲಿ ಕೋಳಿಗಳು ತಿಂದ ಕಾಳುಗಳನ್ನು ಬಾರಿಸಿದ ಸ್ವರಗಳೆಂದೇ ಪರಿಗಣಿಸಲಾಗುವುದು.'

ಐದು ಬಾಬು ಅಂತ ಬರೆಯೋವಾಗ ದೊನ್ ಸೆಕುಂದಿನೊಗೆ ಯಾವ ದುರುದ್ದೇಶವೂ ಇರಲಿಲ್ಲ. ಪಟ್ಟೀಲಿ ಐದು ಹೆಸರಿತ್ತು, ಐದು ಅಂತ ಬರೆದ್ರು. ಆಮೇಲೆ ಲೆಕ್ಕ ಹಾಕಿದ್ರೆ, ಹತ್ತು ನಿಮಿಷದ ಸೊನಾಟಾದಲ್ಲಿ ಎರಡು ನಿಮಿಷ ಪೂರ್ತಿ ಮೌನ ಅಂತ ಬಂತು. ಕಮ್ಮಿ ಮಾಡೋಣ ಅಂತ ಸಭೇಲಿ ಕೇಳಿಕೊಂಡ್ರು. ಕಾರ್ಯದರ್ಶಿಗಳೇ ನಿಯಮ ಮುರಿದ್ರೆ ಹೇಗೆ ಅಂತ ಎಲ್ಲರೂ ಅವರನ್ನೇ ಬೈದ್ರು. ನನ್ನ ಕಮಾನು ಎರಡು ನಿಮಿಷ ಬಿಟ್ಟಿ ಕೂತ್ರೆ ಜನಕ್ಕೆ ಏನಂತ ಉತ್ತರ ಹೇಳ್ಲಿ ಅಂತ ಮೇಯರ್ ಮಾತ್ರ ಆಕ್ಷೇಪಿಸಿದ್ರು. ಮೌನದ ಉದ್ದಕ್ಕೂ ಕಮಾನನ್ನ ನೆಟ್ಟಗೆ ಮೇಲೆತ್ತಿ ಹಿಡೀಬೇಕು, ಅದರ ಮೇಲೆ ಬರೆದಿರೋ ಅವರ ಹೆಸರು ಸಭಿಕರ ಕಡೆ ಇರಬೇಕು ಅಂತ ತೀರ್ಮಾನ ಆದ ಮೇಲೆ ಒಪ್ಪಿಕೊಂಡ್ರು.

ಸ್ವರಗಳನ್ನ ಹೊಸದಾಗಿ ಹಂಚೋ ಕೆಲಸ ಎರ್ಲಿಂದಾಗೇ ಬಂತು. ಮೂರು ದಿನ ಬರೆದ್ಲು. ನಾಲ್ಕನೇ ದಿನ ಕಾಳು ಎಣಿಸಿದ್ರೆ ಬಟ್ಟಲುಗಳೆಲ್ಲ ಸಮ. ದೊನ್ ಕ್ರಿಸೋಲೊಗೊ ತನ್ನ ಬಟ್ಟಲನ್ನ ತಕ್ಕಡೀಲಿ ಇಟ್ಟೂ ನೋಡಿದ.

"ಅಲ್ಲಿ ಇದನ್ನೇ ಬಾರಿಸ್ತೀಯಾ?" ಅಂತ ದೊನ್ ಸೆಕುಂದಿನೊ ಅವಳನ್ನ ಪಕ್ಕಕ್ಕೆ ಕರೆದು ಕೇಳಿದ್ರು.

"ಇದನ್ನೇ ತಾತಾ. ಮೌನ ಮಾತ್ರ ಒಂದು ಚೂರೂ ಕಮ್ಮಿ ಮಾಡ್ಬೇಡಿ."

ಯಾಕೆ ಅಂತ ಅವರಿಗೆ ಅರ್ಥ ಆಗಲಿಲ್ಲ. ತಮ್ಮನ್ನ ಅಣಕಿಸ್ತಿದಾಳೆ ಅಂದುಕೊಂಡ್ರು. ಅಣಕಿಸಬೇಕಾದ್ದೇ ಅಂತಲೂ ಅಂದುಕೊಂಡ್ರು.

ಧರ್ಮದಪ್ಪಂದಿರು ತಮ್ಮ ಮಗುವನ್ನ ಒಂಟಿಯಾಗಿ ಕಳಿಸೋ ಪದ್ಧತಿ ನಮ್ಮಲ್ಲಿಲ್ಲ. ಮೂವತ್ತೊಂದು ಜನ, ನಾಲ್ಕು ಬಟ್ಟಲು, ಒಂದು ಮೂಟೆ ಜೋಳ, ಎರಡು ಬುಟ್ಟಿ ಗಿಣ್ಣಿನ ರೊಟ್ಟಿ ಸಮೇತ ಬಸ್ಸು ಹೊರಟು, ಇಪ್ಪತ್ತಾರು ಗಂಟೆ ಆದ ಮೇಲೆ ಮಹಾನಗರ ಸೇರ್ತು. ಅದೇ ಸಭಾಂಗಣ. ಛಾವಣಿ ನೋಡಿ ದೊನ್ ಸೆಕುಂದಿನೊಗೆ ಆಶ್ಚರ್ಯ ಆಯ್ತು. ಭೂಕಂಪದ ಕಥೆ ಎಷ್ಟು ಸಲ ಹೇಳಿದ್ರು ಅಂದ್ರೆ, ಬಿರುಕು ಇಲ್ದೇ ಇರೋದು ಮೋಸ ಅನ್ನಿಸ್ತು.

ಮೂವರು ಪರೀಕ್ಷಕರು ಕೂತಿದ್ರು. ನಡುವೆ ಬಿಳಿ ಕೂದಲಿನ ಅಧ್ಯಕ್ಷೆ. ಬೆಳಗ್ಗಿಂದ ಇಪ್ಪತ್ತಾರು ಮಕ್ಕಳ ಪಿಟೀಲು ಕೇಳಿ ಮೂವರ ಕಿವಿಯೂ ಕೆಂಪಾಗಿತ್ತು. ಎರ್ಲಿಂದಾ ನಮಸ್ಕರಿಸಿ ಶುರು ಮಾಡಿದ್ಲು. ಹಿಂದಿನ ಸಾಲಲ್ಲಿ ಕಾಳು ಬೀಳೋ ಸದ್ದು ಟಪ ಟಪ ಅಂತ ಶುರುವಾಯ್ತು. ಅವಳು ಬಾರಿಸಿದ್ದು ಪೆಟ್ಟಿಗೇಲಿದ್ದ ಸೊನಾಟಾನೇ, ಒಂದು ಸ್ವರ ಹೆಚ್ಚಿಲ್ಲ, ಒಂದು ಸ್ವರ ಕಮ್ಮಿ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಾಳಿನ ಸದ್ದು ನಿಂತು ಹೋಯ್ತು. ಎಣಿಸೋದು ಮರೆತು ದೊನ್ಯಾ ಎದುವಿಹೆಸ್ ತನ್ನ ಬಟ್ಟಲಿನ ಹಸಿ ಜೋಳವನ್ನೇ ತಿಂತಾ ಕೂತಿದ್ಲು.

ಆಮೇಲೆ ಮೌನ ಬಂತು.

ಎರ್ಲಿಂದಾ ಕಮಾನು ಎತ್ತಿದ್ಲು. ಹತ್ತು ಸೆಕೆಂಡು. ಮೂವತ್ತು. ದೊನ್ ಸೆಕುಂದಿನೊ ಬೆನ್ನಲ್ಲಿ ನಲವತ್ತೊಂದು ವರ್ಷದ ಹಳೇ ಬೆವರು ಮತ್ತೆ ಇಳೀತು. ಕಣ್ಣು ಮುಚ್ಚೋಣ ಅಂದ್ರೂ ಆಗಲಿಲ್ಲ. ಹುಡುಗಿ ಹೆದರಿರಲಿಲ್ಲ. ಈ ಬಸ್ಸು ಬಂದೇ ಬರುತ್ತೆ ಅಂತ ಗೊತ್ತಿರೋರು ನಿಲ್ದಾಣದಲ್ಲಿ ನಿಲ್ತಾರಲ್ಲ, ಹಾಗೆ ನಿಂತಿದ್ಲು. ಒಂದು ನಿಮಿಷ. ಪರೀಕ್ಷಕರಲ್ಲಿ ಒಬ್ಬ ಕಮಾನಿನ ಮೇಲಿನ ಮೇಯರ್ ಹೆಸರು ಓದೋಕೆ ಮುಂದಕ್ಕೆ ಬಾಗಿದ. ಒಂದೂ ಮುಕ್ಕಾಲು ನಿಮಿಷಕ್ಕೆ ಅಧ್ಯಕ್ಷೆ ಪೆನ್ನು ಕೆಳಗಿಟ್ರು.

"ಸಾಕು, ಧನ್ಯವಾದ," ಅಂದ್ರು. ದೊನ್ ಸೆಕುಂದಿನೊ ಬ್ಯಾಗು ಎತ್ತಿಕೊಂಡು ಬಸ್ಸಿಗೆ ಹೊರಟೇಬಿಟ್ರು. ಅಷ್ಟರಲ್ಲಿ ಅಧ್ಯಕ್ಷೆ ಮುಂದುವರಿಸಿದ್ರು: "ಬಾರಿಸಿದ ಮೇಲೆ ಕೇಳಿದವರಿಗೆ ಇಷ್ಟು ಹೊತ್ತು ಬಿಟ್ಟುಕೊಟ್ಟೋರನ್ನ ನಾನು ನೋಡಿರಲಿಲ್ಲ ಮಗು. ಮಾರ್ಚಿಗೆ ಬಂದು ಸೇರ್ಕೋ."

ಹೊರಗೆ ಮೆಟ್ಟಿಲ ಮೇಲೆ ಎರ್ಲಿಂದಾ ಅವರ ಪಕ್ಕ ಕೂತ್ಲು.

"ಸಮ ಮಾಡೋಕೆ ಸೇರಿಸಿದ ದೊನ್ ಕ್ರಿಸೋಲೊಗೊ ಸ್ವರಗಳನ್ನೆಲ್ಲ ಮೌನದ ಆಚೆಗೆ ಇಟ್ಟಿದ್ದೆ ತಾತಾ. ಹಗ್ಗ ಎಳೆದಂಗೆ ಆರ್ನೂರ ಎಂಬತ್ತೊಂದು ಸಲ. ಇವರು ಅಷ್ಟು ಹೊತ್ತು ಕಾಯಲ್ಲ ಅಂತ ನಂಬಿಕೊಂಡಿದ್ದೆ."

"ಕಾದಿದ್ರೆ?"

"ಪಾನಕದ ಗಾಡಿ ಇತ್ತಲ್ಲ."

ಎಲ್ಲರೂ ಏನೇನೋ ಕೊಟ್ರು, ಹುಡುಗೀನ ಉಳಿಸಿದ್ದು ತಾವು ಕೊಡದೇ ಇದ್ದದ್ದು. ದೊನ್ ಸೆಕುಂದಿನೊ ಇದನ್ನ ನಡಾವಳೀಲಿ ಹೇಗೆ ಬರೀಬೇಕು ಅಂತ ಇಪ್ಪತ್ತಾರು ಗಂಟೆ ಯೋಚಿಸಿದ್ರು. ಒಂದು ಸಾಲು ಖಾಲಿ ಬಿಟ್ರು.

ಎರ್ಲಿಂದಾ ಈಗ ಅಲ್ಲೇ ಕಲೀತಿದಾಳೆ. ದೊನ್ ಕ್ರಿಸೋಲೊಗೊ ತನ್ನ ಪಾಲು ಬಾಕಿ ಇದೆ ಅಂತ ಸಮಿತಿಗೆ ದೂರು ಕೊಟ್ಟ. ಪ್ರತಿ ರಜೇಲೂ ಅವಳು ಬಂದು ಅಂಗಡಿ ಮುಂದೆ ಕೂತು ದಪ್ಪ ತಂತೀಲಿ ಅರ್ಧ ಗಂಟೆ ತೀರಿಸ್ತಾಳೆ. ಅವನು ಅದೇ ತಾಳಕ್ಕೆ ಮೂಳೆ ಕಡೀತಾನೆ. ವ್ಯಾಪಾರ ಜಾಸ್ತಿ ಆಗಿದೆಯಂತೆ.

ಈ ವರ್ಷ ಕೊಳಲು ಬಾರಿಸೋಕೆ ಆಸೆ ಇರೋ ಒತಿಲಿಯಾ ಅನ್ನೋ ಹುಡುಗಿ ಅರ್ಜಿ ಹಾಕಿದಾಳೆ. ಧರ್ಮದಪ್ಪಂದಿರು ಬೇಕು ಅಂತ ಪ್ರಕಟಣೆ ಅಂಟಿಸಿದ ದಿನವೇ ನಲವತ್ತಮೂರು ಜನ ಬಂದ್ರು, ಸಮಿತಿ ಇತಿಹಾಸದಲ್ಲೇ ದಾಖಲೆ. ನಲವತ್ತಮೂರು ಜನವೂ ಮೌನಕ್ಕೇ ಹೆಸರು ಕೊಟ್ರು. ದುಡ್ಡಿಲ್ಲದೆ ಹೆಚ್ಚುಕಮ್ಮಿ ಪೂರ್ತಿ ಪಾಲು ಸಿಕ್ಕಿದ್ದು ಅದಕ್ಕೊಂದಕ್ಕೇ ಅನ್ನೋದು ಊರಿಗೆಲ್ಲ ಗೊತ್ತಾಗಿತ್ತು. ಕೊಳಲಿಗೆ ಬಂದ ಅರ್ಜಿ ಒಂದೇ. ಜೀವನದಲ್ಲಿ ಮೊದಲ ಸಲ ಪರ್ಸು ಬಿಚ್ಚಿಕೊಂಡು ಬಂದ ದೊನ್ ಸೆಕುಂದಿನೊದು. 'ಒಂದು ಬಾಬಿನ ಧರ್ಮದಪ್ಪ ಇನ್ನೊಂದು ಬಾಬಿಗೆ ಹೋಗತಕ್ಕದ್ದಲ್ಲ' ಅನ್ನೋ ನಿಯಮ ಹತ್ತೊಂಬತ್ತರ ಪ್ರಕಾರ ಅದು ತಿರಸ್ಕೃತ ಆಯ್ತು. ನಿಯಮ ಅವರೇ ಬರೆದದ್ದು. ತಿರಸ್ಕಾರದ ಪತ್ರವನ್ನೂ ಅವರೇ ಬರೆದು, ತಮಗೇ ತಲುಪಿಸಿ, ತಲುಪಿದ್ದಕ್ಕೆ ಸಹಿ ಹಾಕಿದ್ರು.

ಹಾಗಾಗಿ ಒತಿಲಿಯಾಗೆ ಕೊಳಲಿನ್ನೂ ಕೈಗೆ ಬಂದಿಲ್ಲ. ಆದ್ರೂ ದಿನಾ ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಇಗರ್ಜಿ ಜಗಲೀಲಿ ನಿಂತು, ಬೆರಳು ಮಡಚಿ, ಶ್ರದ್ಧೆಯಿಂದ ಅಭ್ಯಾಸ ಮಾಡ್ತಾಳೆ. ದಾರೀಲಿ ಹೋಗೋರು ಟೋಪಿ ತೆಗೆದು, ನಿಂತು ಕೇಳಿ, ಹೋದ ವಾರಕ್ಕಿಂತ ಸುಧಾರಿಸಿದೆ ಅಂತಾರೆ. ದೊನ್ ಸೆಕುಂದಿನೊ ಮಾತ್ರ ಕೊನೇತನಕ ಕೂತು ಕೇಳ್ತಾರೆ. ಎಲ್ಲ ಚೆನ್ನಾಗಿದೆ, ಹದಿನಾಲ್ಕನೇ ಸಾಲಲ್ಲಿ ಸ್ವಲ್ಪ ಅವಸರ ಮಾಡ್ತಾಳೆ ಅನ್ನೋದು ಅವರ ಅಭಿಪ್ರಾಯ.